ನಮ್ಮ ಎಂಜಿನ್ನು ಎಲ್ಲೂ ನಿಲ್ಲಲಿಲ್ಲ

ನಾಚಿಕೆಯಲ್ಲೂ ರೈಲಿನ ಹಾಗೆ ದರ್ಜೆಗಳಿವೆ ಎಂದು ನನಗೆ ಅನ್ನಿಸುತ್ತದೆ. ಮದುವೆಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದದ್ದು, ಸಾವಿನ ಮನೆಗೆ ಹೋಗಿ ಬಾಯಿತಪ್ಪಿ ‘ಎಲ್ಲ ಸೌಖ್ಯವೇ?’ ಎಂದು ಕೇಳಿದ್ದು, ಇವೆಲ್ಲ ಮೂರನೇ ದರ್ಜೆಯ ನಾಚಿಕೆ. ನಾಲ್ಕು ಜನರ ಮುಂದೆ ನಾವೇ ಹೇಳಿಕೊಂಡು ನಕ್ಕುಬಿಟ್ಟರೆ ತೀರಿತು. ಮೊದಲನೇ ದರ್ಜೆಯದು ಬೇರೆ. ಅದನ್ನು ಹೇಳಲು ಹೋದರೆ ಬಾಯಿ ಒಣಗುತ್ತದೆ. ಹೇಳದೆ ಇದ್ದರೆ ಹಲ್ಲುಜ್ಜುವಾಗ, ಎಲೆಯ ಮುಂದೆ ಕೂತಾಗ, ಯಾರೋ ನಮ್ಮನ್ನು ಹೊಗಳುವಾಗ ತಾನಾಗಿ ಬಂದು ಪಕ್ಕದಲ್ಲಿ ಕೂತುಕೊಳ್ಳುತ್ತದೆ. ಅಂಥದ್ದು ನನ್ನ ಹತ್ತಿರ ಒಂದಿದೆ. ಅದರ ಉದ್ದ ಒಂದು ಅಂಗುಲ. ಅದೊಂದು ತಿರುಪು. ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಅದಕ್ಕೇ ನನ್ನ ಕನ್ನಡಕದ ಗಾಜಿನ ಮೇಲೆ ಇಷ್ಟೊಂದು ಗೀರು.

ಚಿಂತಾಮಣಿಯಲ್ಲಿ ನನ್ನದೊಂದು ಎಂಜಿನ್ ರಿಪೇರಿಯ ಶೆಡ್ಡು. ಸುತ್ತಮುತ್ತಲಿನ ಬಾವಿಗಳ ಮೇಲೆ ಕೂತು ಆಲೂಗಡ್ಡೆಗೂ ಹಿಪ್ಪುನೇರಳೆಗೂ ನೀರೆತ್ತುವ ಎಂಜಿನ್ನುಗಳೆಲ್ಲ ಕೆಮ್ಮು ಬಂದರೂ ಜ್ವರ ಬಂದರೂ ನನ್ನಲ್ಲಿಗೇ ಬರುತ್ತವೆ. ಹಳೆಯ ಕಾರುಗಳ ಎಂಜಿನ್ನು ಬಿಚ್ಚಿ ಪಂಪಿಗೆ ಕೂರಿಸಿ ಕೊಡುವುದೂ ಉಂಟು. ಈ ಕಸುಬಿನಲ್ಲಿ ನಾನು ಹೆದರುವುದು ಒಂದಕ್ಕೇ. ಎಂಜಿನ್ನು ನಿಲ್ಲಬಾರದು. ನೀರು ಹಾಯುತ್ತಿರುವಾಗ ನಿಂತರೆ ಯಜಮಾನ ಸೈಕಲ್ ಹತ್ತಿ ಬಂದು ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡು ಹೋಗುತ್ತಾನೆ. ಒಬ್ಬ ರೆಡ್ಡಿಯಂತೂ ಕೆಟ್ಟ ಎಂಜಿನ್ನನ್ನು ಗಾಡಿಯ ಮೇಲೆ ಹೇರಿಕೊಂಡು, ಬೇಕೆಂದೇ ಸಂತೆಯ ದಿನ ತಂದು, ನನ್ನ ಶೆಡ್ಡಿನ ಮುಂದೆ ಇಳಿಸಿ, ಹೆಣದ ಪಕ್ಕ ಕೂತವನ ಹಾಗೆ ತಲೆಯ ಮೇಲೆ ಟವಲ್ಲು ಹಾಕಿಕೊಂಡು ಸಂಜೆಯವರೆಗೆ ಕೂತಿದ್ದ. ಹೋಗುವವರು ಬರುವವರೆಲ್ಲ ‘ಏನಾಯ್ತು?’ ಎಂದು ಕೇಳುವುದು, ಅವನು ಮಾತಾಡದೆ ನನ್ನ ಕಡೆ ಕೈ ತೋರಿಸುವುದು. ಅವತ್ತಿನಿಂದ ನಾನು ತಿರುಪು ಹಾಕಲು ಶುರು ಮಾಡಿದೆ.

ತಿರುಪಿನ ಗುಟ್ಟು ಇಷ್ಟೇ. ಎಂಜಿನ್ನಿನ ಕಾರ್ಬುರೇಟರಿನಲ್ಲಿ ಪೆಟ್ರೋಲು ಗಾಳಿ ಒಳಗೆ ಬಿಡುವ ಒಂದು ಸಣ್ಣ ಬಾಗಿಲಿದೆ. ಅದು ಪೂರ್ತಿ ತೆರೆದರೆ ಎಂಜಿನ್ನು ಪೂರ್ತಿ ವೇಗದಲ್ಲಿ ಓಡುತ್ತದೆ. ಪೂರ್ತಿ ಓಡುವ ಎಂಜಿನ್ನು ಒಂದಲ್ಲ ಒಂದು ದಿನ ಕೈಕೊಡುತ್ತದೆ. ಹಾಗಾಗಿ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯದ ಹಾಗೆ ನಾನು ಒಂದು ತಿರುಪನ್ನು ಅಡ್ಡ ಕೊಟ್ಟು, ಯಾರೂ ಮುಟ್ಟದಿರಲೆಂದು ಮೇಲೆ ಕೆಂಪು ಅರಗು ಹಚ್ಚುತ್ತಿದ್ದೆ. ರೈತನಿಗೆ ಹೇಳುತ್ತಿರಲಿಲ್ಲ. ಅವನ ಹೊಲಕ್ಕೆ ನೀರು ಕೊಂಚ ತಡವಾಗಿ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ‘ಅವನ ಎಂಜಿನ್ನು ನಿಲ್ಲಲ್ಲ’ ಎಂಬ ಹೆಸರು ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಹಬ್ಬಿತು. ನಾನೂ ಮೀಸೆ ಬಿಟ್ಟೆ.

ಈ ಹೆಸರನ್ನು ಕೇಳಿಕೊಂಡೇ ಬೆಂಗಳೂರಿನಿಂದ ಒಬ್ಬರು ಬಂದರು. ಅಲ್ಲಿ ಐಸ್ ಕಾರ್ಖಾನೆ ನಡೆಸುತ್ತಿದ್ದವರು; ಚಿಕ್ಕಬಳ್ಳಾಪುರದ ಹತ್ತಿರ ಅವರದೊಂದು ದ್ರಾಕ್ಷಿ ತೋಟ, ಅದರ ಬಾವಿಯ ಮೇಲೆ ನಾನು ಕೂರಿಸಿದ ಎಂಜಿನ್ನು. ಮೂರು ಬೇಸಿಗೆ ನಿಂತಿರಲಿಲ್ಲವಂತೆ. ಅವರಿಗೆ ರೇಸಿನ ಹುಚ್ಚು. ಬೆಂಗಳೂರಿನ ಹೊರಗೆ ವಿಮಾನ ಇಳಿಯುವ ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಕಾರುಗಳನ್ನು ಓಡಿಸುತ್ತಾರೆ, ಅದರಲ್ಲಿ ಫಾರ್ಮುಲಾ ಎಂದು ಒಂದು ವರ್ಗವಿದೆ, ಅದಕ್ಕೆ ಕಾರು ಕಟ್ಟುತ್ತಿದ್ದೇನೆ, ಎಂಜಿನ್ನು ನೀವು ಕೊಡಬೇಕು ಎಂದರು. ಫಾರ್ಮುಲಾ ಎಂದರೆ ಹೈಸ್ಕೂಲಿನಲ್ಲಿ ನನ್ನನ್ನು ಎರಡು ಸಲ ಫೇಲು ಮಾಡಿದ ವಸ್ತು ಎಂದಷ್ಟೇ ನನಗೆ ಗೊತ್ತಿತ್ತು. ಅವರು ಬಿಡಿಸಿ ಹೇಳಿದರು: ಒಬ್ಬನೇ ಕೂರುವ ಕಾರು, ಚಕ್ರಗಳು ಹೊರಗೆ, ಎಂಜಿನ್ನು ಮಾತ್ರ ಬೀದಿಯಲ್ಲಿ ಓಡುವ ಸಣ್ಣ ಕಾರಿನದೇ ಆಗಿರಬೇಕು, ಇಂಥ ಅಳತೆ ಮೀರಬಾರದು. ಬೇರೆಯವರೆಲ್ಲ ಮದರಾಸಿನ, ಬೆಂಗಳೂರಿನ ದೊಡ್ಡ ಗ್ಯಾರೇಜುಗಳಿಂದ ಎಂಜಿನ್ನು ಮಾಡಿಸುತ್ತಿದ್ದಾರೆ ಎಂದರು. ಕಾರಿನ ಮಗ್ಗುಲಲ್ಲಿ ನನ್ನ ಶೆಡ್ಡಿನ ಹೆಸರು ಬರೆಸುತ್ತೇನೆ ಎಂದೂ ಹೇಳಿದರು. ನಾನು ಒಪ್ಪಿಕೊಂಡದ್ದು ಆ ಕೊನೆಯ ಮಾತಿಗೆ.

ಡ್ರೈವರನ್ನು ಹುಡುಕಿ ಕೊಟ್ಟವನೂ ನಾನೇ. ದಿಬ್ಬೂರಹಳ್ಳಿಯ ಮುನಿಶಾಮಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಬಾಡಿಗೆ ಕಾರು ಓಡಿಸುತ್ತಿದ್ದ. ರೇಷ್ಮೆ ಗೂಡು ಒಡೆದು ಚಿಟ್ಟೆ ಹೊರಗೆ ಬರುವುದರೊಳಗೆ ಶಿಡ್ಲಘಟ್ಟದ ಮಾರುಕಟ್ಟೆ ಮುಟ್ಟಿಸಬೇಕಲ್ಲ, ಆ ಕೆಲಸಕ್ಕೆ ಎಲ್ಲರಿಗೂ ಅವನೇ ಬೇಕು. ಅವನ ಕಾರು ಬಂತೆಂದರೆ ರಸ್ತೆಯಲ್ಲಿ ರಾಗಿ ಹರಡಿಕೊಂಡಿದ್ದವರು ಮಕ್ಕಳನ್ನು ಮೊದಲು ಎತ್ತಿಕೊಳ್ಳಬೇಕೋ ರಾಗಿಯನ್ನೋ ಎಂದು ಗಾಬರಿಯಾಗುತ್ತಿದ್ದರು. ಅವನಿಗೆ ಹೊಲವಿಲ್ಲ, ಓದಿಲ್ಲ. ಇದ್ದದ್ದು ಆ ಒಂದು ಹೆಸರು. ಗಾಡಿ ಓಡಿಸಿದರೆ ಮುನಿಶಾಮಿಯೇ ಓಡಿಸಬೇಕು ಎನ್ನುವ ಹೆಸರು.

ರೇಸಿನ ಎಂಜಿನ್ನಿಗೂ ನಾನು ತಿರುಪು ಹಾಕಿದೆ. ಅಭ್ಯಾಸಬಲದಿಂದ ಕೈ ತಾನಾಗಿ ಹಾಕಿತು ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ಗೊತ್ತಿದ್ದೇ ಹಾಕಿದೆ. ಅಷ್ಟು ಸಾವಿರ ಜನರ ಮುಂದೆ, ಮಗ್ಗುಲಲ್ಲಿ ನನ್ನ ಹೆಸರು ಬರೆದುಕೊಂಡು ಎಂಜಿನ್ನು ಸಿಡಿದರೆ ಗತಿಯೇನು ಎಂದು ಯೋಚಿಸಿದಾಗಲೆಲ್ಲ ಟವಲ್ಲು ಹೊದ್ದು ಕೂತ ಆ ರೆಡ್ಡಿಯೇ ಕಣ್ಣ ಮುಂದೆ ಬರುತ್ತಿದ್ದ. ಕಾರಿನೊಳಗೆ ಮೊದಲ ಸಲ ಕೂತ ಮುನಿಶಾಮಿ ಕಾಲು ಒತ್ತಿ ನೋಡಿ, “ಅಣ್ಣ, ಪೆಡಲ್ಲು ಇಷ್ಟೇನಾ ಹೋಗೋದು?” ಎಂದು ಕೇಳಿದ.

“ಇಷ್ಟೇ ಕಣಪ್ಪ. ರೇಸ್ ಕಾರಿಗೆ ಪೆಡಲ್ಲು ಗಿಡ್ಡ” ಎಂದೆ. ಪಾಪ, ನಂಬಿದ. ಎಂಜಿನ್ನಿನ ವಿಷಯದಲ್ಲಿ ನಾನು ಹೇಳಿದ್ದನ್ನು ಅವನು ನಂಬದೆ ಇದ್ದದ್ದೇ ಇಲ್ಲ.

ಆ ರೇಸಿನಲ್ಲಿ ನಾವು ಕೊನೆಗೆ ಬಂದೆವು. ಬರೀ ಕೊನೆಗಲ್ಲ, ಗೆದ್ದವನು ಹಾರ ಹಾಕಿಸಿಕೊಂಡು, ಸೋಡಾ ಕುಡಿದು, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಬಂದೆವು. ಆದರೆ ಮೂರು ಕಾರುಗಳು ಹೊಗೆಯುಗುಳಿ ನಡುವೆಯೇ ನಿಂತಿದ್ದವು, ನಮ್ಮದು ನಿಂತಿರಲಿಲ್ಲ. ಅಷ್ಟು ಜನರ ನಡುವೆ ಕೊನೆಗೆ ಬಂದ ಕಾರನ್ನು ನೋಡಿ ಹಿಗ್ಗಿದವನು ನಾನೊಬ್ಬನೇ ಇರಬೇಕು. ಕಾರಿನ ಮಾಲೀಕರು ನನ್ನ ಕಡೆ ತಿರುಗಿ, ಎಂಜಿನ್ನಿನ ದೋಷವೋ ಡ್ರೈವರನದೋ ಎಂದು ಕೇಳಿದರು. ಕೇಳಿದ್ದು ಮೃದುವಾಗಿಯೇ. ಹೇಳಿಬಿಡಬಹುದಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು, “ನಮ್ಮ ಎಂಜಿನ್ನು ಎಲ್ಲೂ ನಿಲ್ಲಲಿಲ್ಲ ಸಾರ್. ಇವನ ಕಾಲಿಗೆ ಇನ್ನೊಂಚೂರು ಧೈರ್ಯ ಬರಬೇಕು” ಎಂದೆ. ಮುನಿಶಾಮಿ ಪಕ್ಕದಲ್ಲೇ ಹೆಲ್ಮೆಟ್ಟು ಹಿಡಿದುಕೊಂಡು ನಿಂತಿದ್ದ. ತನ್ನ ಬಲಗಾಲನ್ನು ನೋಡಿಕೊಂಡ.

ಕಾರನ್ನು ಶೆಡ್ಡಿಗೆ ತಂದು ಬಿಚ್ಚಿದಾಗ ಪೆಡಲ್ಲು ಬಾಗಿಹೋಗಿತ್ತು. ಕಬ್ಬಿಣದ ಪಟ್ಟಿ, ಅಷ್ಟು ಸುಲಭಕ್ಕೆ ಬಾಗುವಂಥದ್ದಲ್ಲ. ಅವನು ಅದನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು ತುಳಿದಿದ್ದ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಸುತ್ತ ನೋಡಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ನೆಟ್ಟಗೆ ಮಾಡಿದೆ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಹೇಸಿಗೆಯಾಗುವುದು ಆ ನಾಲ್ಕು ಏಟಿಗೇ.

ಮುಂದಿನ ವರ್ಷ ಗೆಲ್ಲಲೇಬೇಕೆಂದು ಹೊರಟೆ. ಎಂಜಿನ್ನಿನ ತಲೆ ಉಜ್ಜಿದೆ, ವಾಲ್ವುಗಳಿಗೆ ಹೊಳಪು ಕೊಟ್ಟೆ, ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಕೊರೆದು ಹಗುರ ಮಾಡಿದೆ. ರೇಸಿನ ಎಂಜಿನ್ನಿಗೆ ಹರಳೆಣ್ಣೆ ಒಳ್ಳೆಯದು ಎಂದು ಮಾಲೀಕರು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಹೇಳಿದ್ದರಿಂದ ನಮ್ಮೂರ ಗಾಣದ ಹರಳೆಣ್ಣೆಯನ್ನೇ ತುಂಬಿದೆ. ನಮ್ಮಾಕೆ ಅದನ್ನು ನೋಡಿ, ಮನೆಯಲ್ಲಿ ಮಕ್ಕಳಿಗೆ ಕುಡಿಸಲು ಒಂದು ಚಮಚ ಸಿಗುವುದಿಲ್ಲ, ಈ ಕಬ್ಬಿಣಕ್ಕೆ ಯಾವ ಅಜೀರ್ಣ ಎಂದು ಕೇಳಿದಳು. ರೇಸಿನ ದಿನ ನಮ್ಮ ಕಾರು ಹೋದ ಕಡೆಯೆಲ್ಲ ಬಾಣಂತಿ ಕೋಣೆಯ ವಾಸನೆ. ಇಷ್ಟೆಲ್ಲ ಮಾಡಿದವನು ತಿರುಪನ್ನು ಏನು ಮಾಡಿದೆ? ಅರ್ಧ ಸುತ್ತು ಸಡಿಲಿಸಿದೆ. ಧಾರಾಳಿ ನಾನು! ಒಂದು ಕಾರು ಮೋರಿಗೆ ಬಿದ್ದು ತಡವಾಗಿ ಎದ್ದು ಬಂದದ್ದರಿಂದ ನಾವು ಕೊನೆಯಿಂದ ಎರಡನೆಯವರಾದೆವು. ಪೆಡಲ್ಲು ಮತ್ತೆ ಬಾಗಿತ್ತು. ನಾನು ಮತ್ತೆ ಅದೇ ಮಾತು ಹೇಳಿದೆ, ಮತ್ತೆ ಸುತ್ತಿಗೆ ಹುಡುಕಿದೆ.

ಮೂರನೇ ವರ್ಷ ಮಾಲೀಕರು ಮುನಿಶಾಮಿಯನ್ನು ಬಿಡಿಸಿ ಬೆಂಗಳೂರಿನ ಒಬ್ಬನನ್ನು ಗೊತ್ತು ಮಾಡಿದರು. ಕೈಗವಸು ಹಾಕಿಕೊಳ್ಳುವವನು. ಓಡಿಸುವ ಮುಂಚೆ ಎಂಜಿನ್ನನ್ನೆಲ್ಲ ಒಮ್ಮೆ ತಾನೇ ಬಿಚ್ಚಿ ನೋಡುವ ರೂಢಿ ಅವನಿಗಿದೆ ಎಂದು ಕೇಳಿದ್ದೇ ತಡ, ಶೆಡ್ಡಿನ ಬಾಗಿಲು ಹಾಕಿಕೊಂಡು ತಿರುಪನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಕಾರು ಮೂರನೆಯದಾಗಿ ಬಂತು. ಗೆರೆ ದಾಟಿದ ಮೇಲೆ ಒಂದಿಷ್ಟು ಹೊಗೆ ಬಿಟ್ಟಿತು, ಯಾರೂ ಗಮನಿಸಲಿಲ್ಲ. ನನಗೂ ಒಂದು ಹಾರ ಬಿತ್ತು. ಜನ ಮಾತಾಡಿಕೊಂಡದ್ದು ಒಂದೇ: ಕಾರು ಅದೇ, ಎಂಜಿನ್ನು ಅದೇ, ಕಾಲು ಬೇರೆ, ಅಷ್ಟೇ.

ಮುನಿಶಾಮಿ ಬಸ್ಸಿನಲ್ಲಿ ಬಂದು ಜನರ ನಡುವೆ ನಿಂತು ನೋಡಿದ್ದ. ನೂಕಿಕೊಂಡು ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡ. “ಅಣ್ಣ, ನಿಮ್ಮ ಎಂಜಿನ್ನಿಗೆ ನನ್ನಿಂದ ಎರಡು ವರ್ಷ ಅನ್ಯಾಯ ಆಯ್ತು. ಮನಸ್ಸಲ್ಲಿ ಇಟ್ಕೋಬೇಡಿ” ಎಂದ. ನನ್ನ ಜೇಬಿನಲ್ಲಿ ತಿರುಪಿತ್ತು. ನಾನು ಏನೆಂದೆ ಗೊತ್ತೇ? “ಇರಲಿ ಬಿಡಪ್ಪ” ಎಂದೆ. ಕ್ಷಮಿಸಿದೆ ಅವನನ್ನು!

ಅಲ್ಲಿಂದಾಚೆ ಅವನು ಬಾಡಿಗೆ ಕಾರು ಬಿಟ್ಟ. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಒಂದು ಖಾಸಗಿ ಬಸ್ಸಿಗೆ ಡ್ರೈವರಾದ. ಆ ಬಸ್ಸಿನ ನಿಧಾನ ಇಡೀ ಸೀಮೆಗೆ ಗೊತ್ತಾಯಿತು. ಎತ್ತಿನ ಗಾಡಿ ಎಂದು ಜನ ಅವನನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬೈಯುತ್ತಿದ್ದರು. ಗೂಡಿನ ಬುಟ್ಟಿಯವರು ಆ ಬಸ್ಸನ್ನು ಹತ್ತುವುದನ್ನೇ ಬಿಟ್ಟರು. ಅವನು ಯಾರಿಗೂ ಎದುರಾಡುತ್ತಿರಲಿಲ್ಲ, ತನ್ನ ಕಾಲೇ ಅಷ್ಟು ಎಂದು ಹೇಳಿ ನಗುತ್ತಿದ್ದನಂತೆ. ಹೊತ್ತಾದಾಗ ಹಿಂದಿನ ಸೀಟಿನಲ್ಲಿ ಕೂತು ನಾನೂ ಲೊಚಗುಟ್ಟಿದ್ದೇನೆ ಎಂದರೆ ನನ್ನ ಮುಖಕ್ಕೆ ಎಷ್ಟು ದಪ್ಪ ಚರ್ಮವಿದೆ ನೀವೇ ನೋಡಿ.

ಹೀಗೆ ಏಳು ವರ್ಷ ಕಳೆಯಿತು. ಹೋದ ವಾರ ನಮ್ಮಾಕೆ ಕನ್ನಡಕದ ಡಬ್ಬಿಯಿಂದ ತಿರುಪನ್ನು ತೆಗೆದು, ಇದು ಯಾವುದರದು, ಇಷ್ಟು ಜೋಪಾನ ಯಾಕೆ ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. “ಆತನಿಗೆ ಮಕ್ಕಳಿದಾವೆ. ಅಪ್ಪ ಹೆದರುಪುಕ್ಕಲ ಅಂತ ಕೇಳ್ಕೊಂಡೇ ಬೆಳೀತಾ ಇದಾವೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅವನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಶಿಡ್ಲಘಟ್ಟದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಅವನನ್ನು ಪಕ್ಕಕ್ಕೆ ಕರೆದು, ತಿರುಪನ್ನು ಅಂಗೈ ಮೇಲಿಟ್ಟು, ಎಲ್ಲವನ್ನೂ ಹೇಳಿದೆ. ಪೆಡಲ್ಲು ಬಾಗಿದ್ದನ್ನೂ ಹೇಳಿದೆ. ಅವನು ಟೀ ಆರುವವರೆಗೆ ತಿರುಪನ್ನೇ ನೋಡುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡೆ. ಕೊನೆಗೆ ಮೆಲ್ಲಗೆ ಕೇಳಿದ: “ಅಣ್ಣ, ಈ ಬಸ್ಸಿನ ಎಂಜಿನ್ನು ಬಿಚ್ಚಿ ಕಟ್ಟಿದ್ದೂ ನಿಮ್ಮ ಶೆಡ್ಡಲ್ಲೇ ಅಲ್ವಾ?”

ಹೌದು, ಅವನು ಸೇರುವ ಮುಂಚೆಯೇ ಬಸ್ಸಿನ ಮಾಲೀಕರು ನನ್ನಲ್ಲಿ ಮಾಡಿಸಿದ್ದರು. ಡೀಸೆಲ್ ಎಂಜಿನ್ನಿನಲ್ಲಿ ತಿರುಪಿನ ಜಾಗ ಬೇರೆ, ಕೆಲಸ ಅದೇ. ಹಾಕಿದ್ದು ನನಗೆ ನೆನಪೇ ಇರಲಿಲ್ಲ. ಎರಡು ವರ್ಷದ ಪಾಪ ಹೇಳಿಕೊಳ್ಳಲು ಬಂದವನು ಏಳು ವರ್ಷದ್ದನ್ನು ಮರೆತೇಬಿಟ್ಟಿದ್ದೆ. ಮುನಿಶಾಮಿ ಕಂಡಕ್ಟರನಿಂದ ಸ್ಪ್ಯಾನರು ತರಿಸಿ ನನ್ನ ಕೈಗೆ ಕೊಟ್ಟು, “ತೆಗೀರಿ” ಎಂದ. ಬಸ್ಸಿನ ಜನರೆಲ್ಲ ಇಳಿದು ಬಂದು ಸುತ್ತ ನಿಂತು ನೋಡುತ್ತಿದ್ದರು. ಕೆಂಪು ಅರಗು ಹಾಗೇ ಇತ್ತು. ಉಗುರಿನಿಂದ ಕೆರೆದು, ತಿರುಪು ಬಿಚ್ಚಿ, ಅವನಿಗೆ ಕೊಟ್ಟೆ.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೆ ಆ ಬಸ್ಸು ಹೋದ ಹಾಗೆ ಯಾವ ಬಸ್ಸೂ ಹೋಗಿರಲಾರದು. ಕಿಟಕಿಗಳು ಬಡಿದುಕೊಂಡವು, ಯಾರದೋ ಕುಂಬಳಕಾಯಿ ಹಿಂದಿನಿಂದ ಮುಂದಕ್ಕೆ ಉರುಳಿ ಬಂತು, ಒಬ್ಬ ಮುದುಕಿ ತೆಲುಗಿನಲ್ಲಿ ದೇವರ ಹೆಸರುಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮುನಿಶಾಮಿಯ ಬೆನ್ನು ಮಾತ್ರ ಅಲ್ಲಾಡದೆ ಕೂತಿತ್ತು. ತಿರುವುಗಳಲ್ಲಿ ಅವನ ಕೈ ಎಷ್ಟು ಹದವಾಗಿತ್ತೆಂದರೆ, ಇವನ ಕಾಲಿಗೆ ಧೈರ್ಯವಿಲ್ಲ ಎಂದ ನನ್ನ ನಾಲಗೆ ಸುಟ್ಟುಹೋಗಬಾರದೇ ಅನ್ನಿಸಿತು. ಕೆರೆ ಏರಿಯ ತಿರುವು ಬಂದಾಗ ಮಾತ್ರ ತಡೆಯಲಾರದೆ, “ಮೆಲ್ಲಗೆ ಕಣೋ ಮುನಿಶಾಮಿ” ಎಂದು ಕೂಗಿಬಿಟ್ಟೆ.

ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ. ಮುಖ ನೋಡಲಿಲ್ಲ, ಕೆಳಗೆ ನೋಡಿದ. ಆಗ ನಾನೂ ನೋಡಿಕೊಂಡೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತ ಬಸ್ಸಿನ ಹಲಗೆಯನ್ನು ಶಕ್ತಿಮೀರಿ ತುಳಿಯುತ್ತಿತ್ತು. ಅವನು ಮತ್ತೆ ರಸ್ತೆಯ ಕಡೆ ತಿರುಗಿದ. ನನ್ನ ಮೀನಖಂಡ ಹಿಡಿದುಕೊಂಡು ಇವತ್ತಿಗೆ ವಾರವಾಯಿತು. ನಮ್ಮಾಕೆ ದಿನಾ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಾಳೆ, ಆ ಕಾಲಿಗೆ ಏನು ಬಂದಿದೆ ಎಂದು ಅವಳು ಕೇಳುವುದಿಲ್ಲ.