ಮಂಡಿ ನೋವಿಗೆ ಹೋದ ಸ್ಕೂಟರು

ನನ್ನ ಸಾಮಾನ್ಯ ಜ್ಞಾನ ಅಷ್ಟಕ್ಕಷ್ಟೆ. ಆದರೆ ಸಾಮಾನ್ಯ ಜ್ಞಾನ ಪರೀಕ್ಷಿಸುವ ಟೀವಿ ಆಟಗಳ ಬಗ್ಗೆ ನನ್ನಷ್ಟು ತಿಳಿದವರು ಶ್ರೀರಂಗಪಟ್ಟಣದಲ್ಲಿ ಯಾರೂ ಇಲ್ಲವೆಂದು ನನ್ನ ಗಟ್ಟಿ ನಂಬಿಕೆ. ಯಾವ ಆಟದಲ್ಲಿ ಗುಂಡಿ ಮೊದಲು ಒತ್ತಬೇಕು, ಯಾವುದರಲ್ಲಿ ಅವರೇ ಉತ್ತರ ಕೊಟ್ಟು ನಾವು ಪ್ರಶ್ನೆ ಹುಡುಕಬೇಕು, ಎಲ್ಲ ಬಾಯಿಪಾಠ. ಈ ಎರಡನೆಯದನ್ನು ನಮ್ಮ ಮನೆಯಲ್ಲಿ ದಿನಾ ಆಡುತ್ತೇವೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ "ಆಗಲ್ಲ" ಎಂದು ಉತ್ತರ ಕೊಟ್ಟಿರುತ್ತಾಳೆ. ವಿದೇಶದ ಹಳೆಯ ಆಟವೊಂದರಲ್ಲಿ ಮೂರು ಬಾಗಿಲು; ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ. ಮೇಕೆ ಸಿಕ್ಕವನು ಸೋತ. ಇದನ್ನು ಬೂಕನಕೆರೆಯಲ್ಲಿ ನಮ್ಮತ್ತೆಗೆ ವಿವರಿಸಿದಾಗ ಅವರು, "ಅದೆಂಗಪ್ಪ ಸೋತಂಗಾಯ್ತದೆ? ಕಾರ್ನ ಕುಯ್ದು ಉಣ್ಣಾಕಾಯ್ತದಾ?" ಎಂದು ಆಟದ ಬುಡವನ್ನೇ ಅಲ್ಲಾಡಿಸಿಬಿಟ್ಟರು. ಭಾಮೈದ ಶಿವಣ್ಣ ಆಗ ಹಾಲು ಹಾಕಲು ಡೇರಿಗೆ ಹೋಗಿದ್ದ. ಅನಾಹುತದ ಮೂಲ ಅದೇ.

ಏಕೆಂದರೆ ಕೆ.ಆರ್. ಪೇಟೆಯ ಕೇಬಲ್ ಟೀವಿಯವರು ನೇರಪ್ರಸಾರದಲ್ಲಿ ನಡೆಸಿದ ಕ್ವಿಜ್ಜಿನಲ್ಲಿ ಈ ಶಿವಣ್ಣ ಕೊನೆಯ ಪ್ರಶ್ನೆಯವರೆಗೂ ಬಂದುಬಿಟ್ಟ. ಬಹುಮಾನ ಸ್ಕೂಟರು. ಹಾಲಿನ ಕ್ಯಾನು ಹೊತ್ತು ನಡೆದೂ ನಡೆದೂ ಸಾಕಾಗಿದ್ದ ಅವನಿಗೆ ಅದು ಬೇಕೇ ಬೇಕಿತ್ತು. ಪ್ರಶ್ನೆ ಏನು ಗೊತ್ತೆ? ಆ ಮೂರು ಬಾಗಿಲ ಆಟದಲ್ಲಿ ಸೋತವನಿಗೆ ಕಾಣುವ ಪ್ರಾಣಿ ಯಾವುದು! ಟೀವಿ ಮುಂದೆ ಕೂತಿದ್ದ ನಾನು ಎದ್ದು ಕುಣಿದೆ. ಫೋನ್ ಮಾಡಿ ಕೇಳಲು ಅವನು ಬರೆಸಿದ್ದ ಹೆಸರು ನನ್ನದೇ. ಇರುವುದು ಮೂವತ್ತು ಸೆಕೆಂಡು. ಫೋನು ಬಡಿದುಕೊಂಡಿತು.

"ಏನ್ಲಾ ಶಿವಣ್ಣ, ಚೆನ್ನಾಗಿದ್ದೀಯೇನ್ಲಾ? ಉಂಡ್ಯಾ?" ಎಂದೆ. ನೆಂಟರ ಫೋನು ಎತ್ತಿ ಬೇರೇನನ್ನಾದರೂ ಹೇಳಿ ನಾಲಿಗೆಗೆ ಅಭ್ಯಾಸವಿಲ್ಲ.

"ಊಂ ಭಾವ, ಆಯ್ತು. ನಿಮ್ದು?"

"ಆಯ್ತು. ಅತ್ತೆ ಮಂಡಿ ನೋವು ಎಂಗೈತೆ? ಹಸ ಕರ ಆಕ್ತಾ?"

"ಆಕ್ತು ಭಾವ, ಎಣ್ಗರ. ಅವ್ವಂಗೆ ಎಣ್ಣೆ ತಿಕ್ಕುದ್ಮೇಲೆ ವಸಿ ವಾಸಿ. ಅಕ್ಕ ಚೆನ್ನಾಗವ್ಳಾ? ಆ ಕಡೆ ಮಳೆ ಆಯ್ತಾ?"

"ಎಲ್ಲಿ ಬಂತ್ಲಾ! ಸರಿ, ಏನ್ ಫೋನ್ ಮಾಡಿದ್ದು?"

"ಅದೇ ಭಾವ, ಒಂದು ಪ್ರಸ್ನೆ—"

ಕೊಂಯ್ ಎಂದು ಫೋನು ಕಟ್ಟಾಯಿತು. ಸೋತವನಿಗೂ ಏನಾದರೂ ಉಪಯೋಗವಾಗಲಿ ಎಂದು ಶಿವಣ್ಣ ಎಮ್ಮೆಯನ್ನು ಆರಿಸಿದ. ಸ್ಕೂಟರು ಹೋಯಿತು. ಹೆಂಡತಿ ನನ್ನನ್ನು ನೋಡಿದ ರೀತಿಗೆ ಮೂರು ಬಾಗಿಲಲ್ಲ, ಒಂದಿದ್ದರೂ ಸಾಕಿತ್ತು, ಓಡಿಹೋಗುತ್ತಿದ್ದೆ.

ಆ ಭಾನುವಾರ ಬೂಕನಕೆರೆಗೆ ಹೆಂಡತಿಯ ಬೆನ್ನ ಹಿಂದೆ ಅಡಗಿಕೊಂಡೇ ಹೋದೆ. ಶಿವಣ್ಣ ಮುಖ ಊದಿಸಿಕೊಂಡು, "ಅಲ್ಲ ಭಾವ, ಬಾಯ್ಬುಟ್ಟು ಮೇಕೆ ಅನ್ನಾಕೆ ಎಷ್ಟೊತ್ತು?" ಎಂದ. "ನೀನಾದ್ರೂ ಮೊದ್ಲೇ ಕೇಳ್ಬಾರ್ದಾಗಿತ್ತಾ?" ಎಂದೆ. "ನೀವು ಅವ್ವನ ಇಚಾರಿಸ್ತಾ ಇರುವಾಗ ನಡುವೆ ಬಾಯಾಕಕ್ಕಾಯ್ತದಾ?" ಎಂದ. ಅಷ್ಟರಲ್ಲಿ ಅತ್ತೆ ನೀರಿನ ಚೊಂಬು ಹಿಡಿದು ಬಂದರು. "ಸುಮ್ಕಿರ್ಲಾ! ಸ್ಕೂಟ್ರು ಎಲ್ಲಾರ ಮನೇಲೂ ಐತೆ. ಟೀವೀಲಿ ಅತ್ತೆ ಮಂಡಿ ಇಚಾರಿಸ್ದೋರು ನಮ್ಮ ಅಳಿಯಂದ್ರೊಬ್ರೇ!" ಎಂದು ಕಣ್ಣೊರೆಸಿಕೊಂಡರು. ನನ್ನ ಮಾನ ಉಳಿಯಿತು.

ಉಳಿಯಿತು ಎಂದುಕೊಂಡೆ. ಅಳಿಯನಿಗೆ ತಮ್ಮ ಮಂಡಿಯ ಮೇಲೆ ಇಷ್ಟು ಕಾಳಜಿ ಇರುವುದು ತಿಳಿದ ಮೇಲೆ, ಅತ್ತೆ ದಿನಾ ಸಂಜೆ ಸರಿಯಾಗಿ ಟೀವಿಯಲ್ಲಿ ಕ್ವಿಜ್ಜು ಶುರುವಾಗುವ ಹೊತ್ತಿಗೆ ಫೋನ್ ಮಾಡಿ, ಎಡಗಾಲು ಬಲಗಾಲು ಎರಡರ ವರದಿಯನ್ನೂ ನಿಧಾನವಾಗಿ ಒಪ್ಪಿಸುತ್ತಾರೆ. ಆಟ ಮುಗಿದರೂ ಮಂಡಿ ಮುಗಿಯುವುದಿಲ್ಲ. ನಾನು ಬಲ್ಲ ಅಷ್ಟೂ ಆಟಗಳ ಅಷ್ಟೂ ನಿಯಮಗಳಲ್ಲಿ, ಮೂವತ್ತು ಸೆಕೆಂಡಿಗೆ ತಾನಾಗಿಯೇ ಫೋನು ಕಟ್ಟಾಗುವ ಆ ಒಂದು ನಿಯಮವನ್ನು ಮಾಡಿದ ಪುಣ್ಯಾತ್ಮನಿಗೆ ನಾನೀಗ ಕೂತಲ್ಲಿಂದಲೇ ಕೈ ಮುಗಿಯುತ್ತೇನೆ.