ಒಣ ಡಬ್ಬಿಗಳ ಜೊತೆ ಒಂದು ತಿಂಗಳು

ಡಬ್ಬಿಯೊಳಗೆ ಒಣಗಿ ಕೂತ ಪದಾರ್ಥ ಯಾರ ತಂಟೆಗೂ ಹೋಗೋದಿಲ್ಲ. ಆದರೆ ನಾನು ಮುಚ್ಚಳ ತೆಗೆದೆನೋ, ಏನಾದರೊಂದು ಆಗೇ ಆಗುತ್ತದೆ.

ಮಗಳ ಬಾಣಂತನಕ್ಕೆ ಅಂತ ನನ್ನ ಹೆಂಡತಿ ಹರಿಹರಕ್ಕೆ, ಮಗಳ ಮನೆಗೆ ಹೋದಳು. ಮೂರು ತಿಂಗಳ ಮಾತು. ಹೋಗೋ ಮುಂಚೆ ಕಪಾಟಿನ ತುಂಬ ಸಂಡಿಗೆ, ಒಣಗಿಸಿದ ಗೋರಿಕಾಯಿ, ಕಾಳು, ಬೇಳೆ ತುಂಬಿಟ್ಟಳು.

"ಒಣಗಿದ್ದನ್ನ ನೆನೆಸಿ ಬೇಯಿಸ್ಕೊಳ್ರಿ, ಅಷ್ಟೇ. ಆಗ್ಲಿಲ್ಲಾ ಅಂದ್ರೆ ಹೇಳ್ರಿ, ವಾಪಸ್ ಬರ್ತೀನಿ" ಅಂದಳು.

ಮಗಳಿಗೆ ಅತ್ತೆ ಇಲ್ಲ. ಇವಳು ವಾಪಸ್ ಬಂದರೆ ಹಸುಗೂಸು ಇಟ್ಟುಕೊಂಡು ಆ ಹುಡುಗಿ ಒಬ್ಬಳೇ ಒದ್ದಾಡಬೇಕು. ಹಾಗಾಗಿ ಅಡುಗೆಮನೆಯಲ್ಲಿ ಏನೇ ಆದರೂ ಹರಿಹರಕ್ಕೆ ಸುದ್ದಿ ಮುಟ್ಟಬಾರದು ಅಂತ ಗಟ್ಟಿಮಾಡಿಕೊಂಡೆ.

ಸಂಡಿಗೆ

ನೆನೆಸು ಅಂದಿದ್ದಳಲ್ಲ, ಮೊದಲನೇ ದಿನವೇ ಒಂದು ಬೋಗುಣಿ ಅಕ್ಕಿ ಸಂಡಿಗೆ ನೀರಿಗೆ ಹಾಕಿ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಗಂಜಿ.

ವಿನೋಬನಗರದಲ್ಲಿ ನಮಗೂ ಪಕ್ಕದ ಮನೆಗೂ ನಡುವೆ ಇರೋದು ಒಂದು ಮೋಟುಗೋಡೆ. ಅದರ ಮೇಲೆ ಬೋಗುಣಿ ಇಟ್ಟು ಪಕ್ಕದ ಮನೆ ಭಾಬಿಯನ್ನ ಕರೆದೆ. ಆಕೆ ನೋಡಿ, ಬಾಯಿಗೆ ಸೆರಗು ಹಿಡಿದರು.

"ಅಣ್ಣಾರ, ಸಂಡಿಗೆ ಎಣ್ಣ್ಯಾಗೆ ಕರೀಬೇಕ್ರಿ. ಪಾಪ, ಇದು ತವರುಮನಿಗೆ ವಾಪಸ್ ಹೋಗೈತೆ."

ನಕ್ಕು ಸುಮ್ಮನಾಗಲಿಲ್ಲ. ಆ ಗಂಜಿಯನ್ನ ಮತ್ತೆ ಕಾಯಿಸಿ, ತಮ್ಮ ಮಾಳಿಗೆ ಮೇಲೆ ತಮ್ಮದೇ ಹಳೇ ಸೀರೆ ಹಾಸಿ ಸಂಡಿಗೆ ಹಾಕಿ ಒಣಗಿಸಿ, ನಾಲ್ಕನೇ ದಿನಕ್ಕೆ ಡಬ್ಬಿ ತುಂಬಿಸಿ ಕೊಟ್ಟರು. "ಅಕ್ಕಾರಿಗೆ ಹೇಳಲ್ಲ ಬಿಡ್ರಿ" ಅಂದರು. ಹೊಟ್ಟೆ ತಣ್ಣಗಿರಲಿ ಆಕೆಯದು.

ಫ್ಲಾಸ್ಕು

ಒಂದಿನ ಕಡಲೆಕಾಳು ನೆನೆಸೋದು ಮರೆತೆ. ಬಿಸಿನೀರಿನಾಗೆ ಬೇಗ ನೆನೆಯುತ್ತಾವೆ ಅಂತ ಆಫೀಸಿನಲ್ಲಿ ಯಾರೋ ಅಂದಿದ್ದರು. ನೀರು ಬಿಸಿಯಾಗೇ ಇರಲಿ ಅಂತ ಬುದ್ಧಿ ಓಡಿಸಿ, ಮುಕ್ಕಾಲು ಫ್ಲಾಸ್ಕು ಕಾಳು ತುಂಬಿ ಬಿಸಿನೀರು ಹೊಯ್ದೆ. ಸಂಜೆಗೆ ಕಾಳು ಉಬ್ಬಿ ಒಂದಕ್ಕೊಂದು ಅಮುಕಿಕೊಂಡು ಕೂತಿದ್ದವು. ಬೋರಲು ಹಾಕಿದರೂ ಒಂದೂ ಬೀಳಲೊಲ್ಲದು. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಬಾಣಂತಿಗೆ ಬಿಸಿನೀರು ಇಡಾಕ ಆ ಫ್ಲಾಸ್ಕು ನಾಳೆ ಕಳಿಸ್ರಿ."

ಭಾಬಿಯ ಯಜಮಾನರು ಸ್ಟವ್ ರಿಪೇರಿ ಮಾಡುವವರು. ಮೆಟ್ಟಿಲ ಮೇಲೆ ಕೂತು, ತಂತಿ ಬಗ್ಗಿಸಿ, ಒಂದು ತಾಸು ಕಾಳು ಕೆದರಿ ತೆಗೆದರು. ಒಳಗಿನ ಗಾಜಿಗೆ ಗೀರೂ ಬೀಳಲಿಲ್ಲ. ಕೊನೇ ಕಾಳು ಬಿದ್ದ ಮೇಲೆ ಬೆವರು ಒರೆಸಿಕೊಂಡು, "ಸಾಹೇಬ್ರ, ನಿಮ್ಮ ಮಗಳಿಗಿಂತ ಇದರ ಹೆರಿಗೆ ತ್ರಾಸಾತು ನೋಡ್ರಿ" ಅಂದರು.

ಸೊಪ್ಪಿನ ಬೇಳೆ

ಮೂರನೇ ವಾರ ತೊಗರಿಬೇಳೆ ಡಬ್ಬಿ ತೆಗೆದೆ. ಬೇಳೆಯ ನಡುನಡುವೆ ಒಣಗಿದ ಸೊಪ್ಪು. ನನಗೆ ಸುಲಭ ಆಗಲಿ ಅಂತ ಸೊಪ್ಪು, ಬೇಳೆ ಎರಡೂ ಕೂಡಿಸೇ ಇಟ್ಟಿದ್ದಾಳಲ್ಲ ಅಂತ ಮನಸ್ಸು ತುಂಬಿ ಬಂತು. ದಿನಾ ಒಂದು ಹಿಡಿ ನೆನೆಸಿ ಬೇಯಿಸಿದೆ. ರುಚಿ ಸ್ವಲ್ಪ ಜೋರಿತ್ತು. ಬೆಲ್ಲ ಜಾಸ್ತಿ ಹಾಕಿಕೊಂಡು ಒಂದು ವಾರ ಉಂಡೆ.

ತಿಂಗಳು ತುಂಬಿದ ಮೇಲೆ ಕೂಸನ್ನ ನೋಡಲು ಹರಿಹರಕ್ಕೆ ಹೋದೆ. ನಾನು ಸೊರಗಿದ್ದು ಕಂಡು ಹೆಂಡತಿ, "ಸಾಕು, ನಾಳೆ ನಿಮ್ಮ ಜೊತಿಗೇ ಬರ್ತೀನಿ" ಅಂದು ಆಗಲೇ ಬ್ಯಾಗು ಕಟ್ಟಿಟ್ಟಳು. ಮಗಳ ಮುಖ ಬಾಡಿತು. ಇಂಥ ಮಾತು ಬರುತ್ತದೆ ಅಂತ ಗೊತ್ತಿದ್ದೇ ಅದೇ ಸೊಪ್ಪಿನ ಬೇಳೆ ಮಾಡಿ ಕ್ಯಾರಿಯರ್ ತುಂಬಿಕೊಂಡು ಹೋಗಿದ್ದೆ. "ನನ್ನ ಅಡಿಗಿ ನೋಡಿ ಆಮೇಲೆ ಮಾತಾಡು" ಅಂತ ಮುಂದಿಟ್ಟೆ.

ಒಂದು ತುತ್ತು ಬಾಯಿಗಿಟ್ಟವಳು ಬೇಳೆಯಿಂದ ಒಂದು ಎಲೆ ಎತ್ತಿ ಹಿಡಿದಳು.

"ಇದ್ಯಾವ ಸೊಪ್ಪು?"

"ನೀನೇ ಬ್ಯಾಳಿ ಜೊತಿ ಇಟ್ಟಿದ್ದು."

"ಅಯ್ಯೋ ಶಿವನೇ. ಅದು ಹುಳ ಬೀಳಬಾರ್ದು ಅಂತ ಹಾಕಿದ್ದ ಬೇವಿನ ಎಲೆ ಕಣ್ರಿ. ಎಷ್ಟು ದಿನ ತಿಂದ್ರಿ?"

"ಒಂದು ವಾರ."

"ಕಹಿ ಅನ್ನಿಸ್ಲಿಲ್ಲೇನು?"

"ಅನ್ನಿಸ್ತು. ಇಷ್ಟು ವರ್ಷ ನೀನು ಕೊಟ್ಟಿದ್ದಕ್ಕೆ ಹೆಸರಿಟ್ಟಿಲ್ಲ, ಈಗ್ಯಾಕೆ ಅಂತ ಉಂಡೆ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡು, ಕಟ್ಟಿಟ್ಟಿದ್ದ ಬ್ಯಾಗನ್ನ ವಾಪಸ್ ಮಂಚದ ಕೆಳಗೆ ತಳ್ಳಿದಳು.

"ಇನ್ನೆರಡು ತಿಂಗಳು ಇಲ್ಲೇ ಇರ್ತೀನಿ. ಅಷ್ಟು ಬೇವು ತಿಂದೀರಿ, ನಿಮಗೇನೂ ಹುಳ ಬೀಳಲ್ಲ."