ಮಿಂಗ್-ತೆ ತೆರೆಯದ ತಾವರೆಗಳು

ಎಲ್ಲ ಎಡವಟ್ಟಿಗೂ ಮೂಲ ಸು-ಲಾನಳ ಮೇಜು ಒರೆಸುವ ಬಟ್ಟೆ.

ತೈನಾನ್ ಊರಿನ ನಮ್ಮ ಗಲ್ಲಿಯ ಮೂಲೆಯಲ್ಲಿ ಅವಳ ತಿಂಡಿ ಅಂಗಡಿ. ಸೋಯಾ ಹಾಲು, ಮೊಟ್ಟೆ ಸುತ್ತಿದ ರೊಟ್ಟಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿ, ಇಷ್ಟರಲ್ಲೇ ಬೆಳಗಿನ ವ್ಯಾಪಾರ ಮುಗಿಸುತ್ತಾಳೆ. ಉಳಿದ ಹೊತ್ತೆಲ್ಲ ಒರೆಸುತ್ತಾಳೆ. ಗಿರಾಕಿ ಬಟ್ಟಲು ಎತ್ತಿದರೆ ಅದರ ಕೆಳಗೆ, ಮೊಣಕೈ ಎತ್ತಿದರೆ ಅದರ ಕೆಳಗೆ. ಆ ದಿನ ಸ್ಕೂಟರ್ ರಿಪೇರಿಯ ಮಿಂಗ್-ತೆಯ ಫೋನು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅದರ ಮೇಲೆ ನಾಲ್ಕು ಎಳ್ಳು ಉದುರಿತ್ತು. ಸು-ಲಾನ್ ಯಾರೊಂದಿಗೋ ಮಾತಾಡುತ್ತ ಅದನ್ನೂ ಒರೆಸಿಬಿಟ್ಟಳು.

“ಅಯ್ಯಯ್ಯೋ! ಏನ್ ಮಾಡ್ಬಿಟ್ಟೆ ಮಾರಾಯ್ತಿ!” ಎಂದು ಮಿಂಗ್-ತೆ ಕೂತಲ್ಲಿಂದ ಹಾರಿದ.

“ಎಳ್ಳಿತ್ತಣ್ಣ.”

“ನಿನ್ನ ಎಳ್ಳು ಹಾಳಾಗ್ಲಿ! ತಾವರೆ ತೆರ್ಕೊಂಡ್ಬಿಡ್ತು!”

ಅಂಗಡಿಯಲ್ಲಿದ್ದವರೆಲ್ಲ ತಿನ್ನುವುದು ಬಿಟ್ಟರು. ತಾವರೆ ಯಾವುದು, ಯಾರದು ಎಂದು ಯಾರೂ ಕೇಳಲಿಲ್ಲ. ಗಲ್ಲಿಗೆಲ್ಲ ಗೊತ್ತಿದ್ದ ವಿಷಯ ಅದು.

ನಮ್ಮಲ್ಲಿ ಐವತ್ತು ದಾಟಿದವರಿಗೆ ಒಂದು ರೋಗವಿದೆ. ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲೇ ಒಂದು ಹೂವಿನ ಚಿತ್ರ ಹುಡುಕಿ, ‘ಶುಭೋದಯ, ದಿನವಿಡೀ ಸುಖವಾಗಿರಿ’ ಎಂದು ದಪ್ಪಕ್ಷರ ಬರೆದದ್ದನ್ನು ಕಂಡಕಂಡವರಿಗೆಲ್ಲ ಕಳಿಸಬೇಕು. ಮಿಂಗ್-ತೆಯ ತಮ್ಮ ಆ-ಹೋಕ್ ಕೂಡ ಕಳಿಸುತ್ತಿದ್ದ. ಬೆಟ್ಟದ ಆಚೆಗಿನ ತೈತುಂಗಿನಲ್ಲಿ ಸೀತಾಫಲ ಬೆಳೆಯುವ ಮನುಷ್ಯ. ಅಣ್ಣನಿಗೆ ದಿನಕ್ಕೊಂದು ತಾವರೆ, ಒಂದು ದಿನವೂ ತಪ್ಪದೆ. ಮಿಂಗ್-ತೆ ಮಾತ್ರ ಮೂರು ವರ್ಷದಿಂದ ಅದರಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ. ತೆರೆದರೆ ಆ ಕಡೆಯವನ ಫೋನಿನಲ್ಲಿ ‘ಓದಿದ್ದಾರೆ’ ಎಂಬ ಗುರುತು ಬೀಳುತ್ತದಲ್ಲ, ಆ ಗುರುತನ್ನು ತಮ್ಮನಿಗೆ ಕೊಡಬಾರದು ಎಂಬ ಹಟ.

ಹಟಕ್ಕೆ ಕಾರಣ ಒಂದು ಮೊಲ. ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಪಕ್ಕದಲ್ಲಿದ್ದವನು ಮಿಂಗ್-ತೆ. ಫೋನಿನಲ್ಲಿ ಮನೆಯವರ ಗುಂಪಿಗೆ ‘ಅಮ್ಮ ಹೋದಳು’ ಎಂದು ಬರೆದ. ಮರುಕ್ಷಣವೇ ಆ-ಹೋಕನಿಂದ ಉತ್ತರವಾಗಿ ಒಂದು ಕುಣಿಯುವ ಚಿತ್ರ ಬಂತು. ಗುಲಾಬಿ ಲಂಗ ತೊಟ್ಟ ಮೊಲವೊಂದು ಸೊಂಟ ಕುಣಿಸುತ್ತಿತ್ತು, ತಲೆಯ ಮೇಲೆ ‘ಭಲೇ! ಭಲೇ!’ ಎಂದು ಮಿನುಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು, ಕಾಣಲಿಲ್ಲ, ಹೆಬ್ಬೆಟ್ಟು ಎಲ್ಲೋ ತಾಗಿತು ಎಂದು ಆ-ಹೋಕ್ ಹೆಣದ ಮುಂದೆ ನಿಂತು ಆಣೆ ಮಾಡಿದ. “ನಿನ್ನ ಹೆಬ್ಬೆಟ್ಟಿಗೆ ಅಷ್ಟು ಕುಣಿಯೋ ಆಸೆ ಇದ್ರೆ ಕತ್ತರಿಸಿ ಬಿಸಾಕು” ಎಂದು ಮಿಂಗ್-ತೆ ಆ ಗುಂಪನ್ನೂ ಬಿಟ್ಟ, ತಮ್ಮನನ್ನೂ ಬಿಟ್ಟ.

“ಅಷ್ಟು ಸಿಟ್ಟಿದ್ರೆ ಬ್ಲಾಕ್ ಮಾಡ್ಬಿಡಿ” ಎಂದು ಸು-ಲಾನ್ ಎಷ್ಟೋ ಸಲ ಹೇಳಿದ್ದಳು.

“ಬ್ಲಾಕ್ ಮಾಡಿದ್ರೆ ಕಳ್ಸೋದು ನಿಲ್ಲಿಸ್ತಾನೆ. ಅಣ್ಣ ಓದ್ಲಿಲ್ಲ, ಅಣ್ಣ ಓದ್ಲಿಲ್ಲ ಅಂತ ದಿನಾ ಉರೀಬೇಕು ಅವ್ನು.”

ಹೀಗೆ ಹೇಳುವ ಮನುಷ್ಯ ದಿನಾ ಬೆಳಿಗ್ಗೆ ಫೋನನ್ನು ಮೇಜಿನ ಮೇಲಿಟ್ಟು, ತಮ್ಮನ ಹೆಸರಿನ ಪಕ್ಕದ ಕೆಂಪು ಚುಕ್ಕೆಯನ್ನು ಎಲ್ಲರಿಗೂ ತೋರಿಸಿ, “ನೋಡಿ, ಇವತ್ತೂ ಬಂತು” ಎನ್ನುತ್ತಿದ್ದ. ಚುಕ್ಕೆಯೊಳಗಿನ ಅಂಕಿ ಬೆಳೆದೂ ಬೆಳೆದೂ, ಫೋನೇ ಎಣಿಸಿ ಸುಸ್ತಾಗಿ ಕೊನೆಗೊಂದು ಪ್ಲಸ್ ಹಾಕಿ ಕೂತಿತ್ತು. ಮಿಂಗ್-ತೆಗೆ ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವನು ಅಂತ ಇದ್ದವನು ಆ ತಮ್ಮನೊಬ್ಬ. ಆ ಚುಕ್ಕೆ ಕಾಣದೆ ಮಿಂಗ್-ತೆಗೆ ಸೋಯಾ ಹಾಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ನಾವು ಯಾರೂ ಅವನ ಮುಖದ ಮೇಲೆ ಹೇಳಲು ಹೋಗಿರಲಿಲ್ಲ.

ಆ ಬೆಳಿಗ್ಗೆ ಚುಕ್ಕೆ ಮಾಯವಾಗಿತ್ತು. ಮಿಂಗ್-ತೆ ಕಣ್ಣು ಮುಚ್ಚಿಕೊಂಡೇ ಫೋನನ್ನು ಬೋರಲು ಹಾಕಿದ.

“ನಾನು ಓದಿಲ್ಲ. ಎಲ್ರೂ ಸಾಕ್ಷಿ. ಒಂದಕ್ಷರಾನೂ ಓದಿಲ್ಲ!”

“ನೀನು ಓದ್ದೆಯೋ ಬಿಟ್ಯೋ, ಅವನಿಗೆ ‘ಓದಿದ್ದಾರೆ’ ಅಂತ ಹೋಗಾಯ್ತು” ಎಂದರು ಮೂಲೆಯಲ್ಲಿ ಕೂತಿದ್ದ ಲೋ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಇಡೀ ಗಲ್ಲಿಯೇ ತರಗತಿ. “ಇನ್ಮೇಲೆ ನೀನು ಉತ್ತರ ಕೊಡ್ಲೇಬೇಕು. ಓದ್ದೇ ಇದ್ರೆ ಸಿಟ್ಟು ಅಂತಾರೆ. ಓದಿ ಸುಮ್ನಿದ್ರೆ ಮನುಷ್ಯನೇ ಅಲ್ಲ ಅಂತಾರೆ.”

“ಮೇಷ್ಟ್ರೇ, ಓದಿದ್ದು ಇವಳ ಬಟ್ಟೆ. ಉತ್ತರಾನೂ ಅದೇ ಬರೀಲಿ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ-ಹೋಕ್! ಮೂರು ವರ್ಷದಲ್ಲಿ ಒಮ್ಮೆಯೂ ಕರೆ ಮಾಡದವನು, ಗುರುತು ಬಿದ್ದು ಹಾಲು ಆರುವ ಮೊದಲೇ ಕರೆ ಮಾಡುತ್ತಿದ್ದಾನೆ. ಮಿಂಗ್-ತೆಗೆ ಕೈಕಾಲು ಆಡಲಿಲ್ಲ. ಕೈಗೆ ಸಿಕ್ಕ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಫೋನನ್ನು ಒಳಗೆ ತುರುಕಿ ಮೇಲೆ ಕೂತುಬಿಟ್ಟ. ರೊಟ್ಟಿ ಕಟ್ಟಿಸಿಕೊಳ್ಳಲು ಬಂದ ಹೆಂಗಸೊಬ್ಬಳು, ಹಿಟ್ಟಿನೊಳಗಿಂದ ಬರುವ ಸಂಗೀತ ಕೇಳಿ, ಏನೂ ಕೊಳ್ಳದೆ ಹೊರಟುಹೋದಳು.

“ಎತ್ತಿ ಮಾತಾಡ್ಬಾರ್ದೇನಣ್ಣ?” ಎಂದಳು ಸು-ಲಾನ್.

“ಎತ್ತಿದ್ರೆ ಅಣ್ಣ ಸೋತ ಅಂತ ಹಲ್ಲು ಕಿರೀತಾನೆ. ನಂಗೊತ್ತು ಅವ್ನ ಬುದ್ಧಿ.”

ಮಧ್ಯಾಹ್ನದ ಹೊತ್ತಿಗೆ ಇನ್ನೂ ಎರಡು ಮೂರು ಸಲ ಕರೆ ಬಂತು. ಮಿಂಗ್-ತೆ ಎತ್ತಲಿಲ್ಲ. ಹಿಟ್ಟು ಮೆತ್ತಿದ ಫೋನನ್ನು ಹಳೇ ಟೈರಿನೊಳಗೆ ಇಟ್ಟು, ಟೈರಿಗೆ ಬೆನ್ನು ಮಾಡಿ ಕೂತು ಯಾರದೋ ಬ್ರೇಕು ಬಿಗಿಯುತ್ತಿದ್ದ. ಹಿಂದಿನ ಬ್ರೇಕು ಕೆಟ್ಟ ಗಾಡಿಗೆ ಮುಂದಿನದನ್ನು ಬಿಗಿದದ್ದು ಅವನಿಗೆ ಸಂಜೆಯವರೆಗೂ ಗೊತ್ತಾಗಲಿಲ್ಲ. ಆಮೇಲೆ ಕರೆಗಳು ನಿಂತವು. ಅದು ಇನ್ನೂ ಕಷ್ಟವಾಯಿತು. ಹತ್ತು ಸಲ ಎದ್ದು ಟೈರಿನೊಳಗೆ ಇಣುಕಿದ.

ಊಟ ಮುಗಿಸಿದ ಗಲ್ಲಿ ನಿದ್ದೆ ಬಿಟ್ಟು ಅವನ ಗ್ಯಾರೇಜಿಗೆ ಬಂತು. ಉತ್ತರ ಬರೆಸಿಯೇ ತೀರಬೇಕು ಎಂದು ತೀರ್ಮಾನವಾಯಿತು. ಮೇಷ್ಟ್ರು ಕಣ್ಣು ಮುಚ್ಚಿ, “ಬರ್ಕೋ. ‘ಪ್ರಿಯ ಸಹೋದರ, ಒಂದೇ ಬೇರಿನ ಎರಡು ಕೊಂಬೆಗಳು ನಾವು’...” ಎಂದು ಶುರುಮಾಡಿದರು.

“ಅದನ್ನ ಓದೋಷ್ಟರಲ್ಲಿ ಅವನ ಸೀತಾಫಲ ಎಲ್ಲ ಕೊಳೀತದೆ” ಎಂದಳು ಸು-ಲಾನ್. “ಊಟ ಆಯ್ತಾ ಅಂತ ಕೇಳಿ ಅಣ್ಣ. ಸಾಕು. ಯಾರು ಯಾರನ್ನ ಕೇಳಿದ್ರೂ ತಪ್ಪಿಲ್ಲದ ಮಾತು.”

ಮಿಂಗ್-ತೆಗೆ ಅದು ಹಿಡಿಸಿತು. ಊಟ ಆಯ್ತಾ ಎಂದರೆ ಸೋತಂತೆಯೂ ಅಲ್ಲ, ಗೆದ್ದಂತೆಯೂ ಅಲ್ಲ. ಆದರೆ ಬರೆಯಬೇಕಾದರೆ ಫೋನು ತೆರೆಯಬೇಕು, ತೆರೆದರೆ ತಮ್ಮ ಬರೆದದ್ದು ಕಣ್ಣಿಗೆ ಬೀಳುತ್ತದೆ. ಓದುವುದಿಲ್ಲ ಎಂದ ಮೇಲೆ ಓದುವುದಿಲ್ಲ. ವೈರಿಗೆ ಸುತ್ತುವ ಕರಿ ಟೇಪು ತಂದು ಫೋನಿನ ಮೇಲರ್ಧಕ್ಕೆ ಸಾಲಾಗಿ ಅಂಟಿಸಿದ. ಕೆಳಗಿನ ಅರ್ಧದಲ್ಲಿ ಒತ್ತುವ ಅಕ್ಷರಗಳು ಮಾತ್ರ ಉಳಿದವು. ಇಂಥ ಹಟಮಾರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಗ್ರೀಸು ಮೆತ್ತಿದ ಹೆಬ್ಬೆಟ್ಟಿನಿಂದ ‘ಊಟ’ ಎಂದು ಒತ್ತಿದ. ಏನೋ ಒಂದು ಚಿತ್ರಗಳ ಪಟ್ಟಿ ಮೇಲೆದ್ದು ಬಂತು. ಅದನ್ನು ಸರಿಸಲು ಹೋದ. ಹೆಬ್ಬೆಟ್ಟು ಜಾರಿತು.

ಕರಿ ಟೇಪಿನ ಕೆಳಗೆ, ಗುಲಾಬಿ ಲಂಗ ತೊಟ್ಟ ಮೊಲವೊಂದು ಸೊಂಟ ಕುಣಿಸತೊಡಗಿತು. ಭಲೇ! ಭಲೇ!

ಮೊದಲು ಎಚ್ಚೆತ್ತವರು ಮೇಷ್ಟ್ರು. “ವಾಪಸ್ ತಗೋ! ಒತ್ತಿ ಹಿಡಿ, ವಾಪಸ್ ತಗೋಬಹುದು!” ಆದರೆ ಮೊಲದ ಪಕ್ಕದಲ್ಲಿ ಆಗಲೇ ‘ಓದಿದ್ದಾರೆ’ ಎಂದು ಬಿದ್ದಾಗಿತ್ತು. ಆ ಕಡೆಯವರು ಫೋನನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದರೋ ಏನೋ.

ಉತ್ತರ ಬರಲಿಲ್ಲ. ಕರೆಯೂ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಮಿಂಗ್-ತೆ ಟೈರಿನ ಮೇಲೆ ಕೂತು ತನ್ನ ಹೆಬ್ಬೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. ದಪ್ಪ ಹೆಬ್ಬೆಟ್ಟು, ಅಪ್ಪನದೇ ಅಚ್ಚು. ಆ-ಹೋಕನದೂ ಇದೇ. ಹಾಗಾದರೆ ಅವನು ಹೇಳಿದ್ದು ನಿಜ. ಕಣ್ಣಲ್ಲಿ ನೀರಿಲ್ಲದೆಯೇ ತನಗೆ ಹೀಗಾಯಿತಲ್ಲ, ಅಮ್ಮ ಹೋದಳೆಂದು ಕೇಳಿ ಕಣ್ಣು ಮಂಜಾದವನಿಗೆ ಆಗದೆ ಇರುತ್ತದೆಯೇ? ಮೂರು ವರ್ಷ ಒಂದು ಹೆಬ್ಬೆಟ್ಟಿನ ಮೇಲೆ ಸಿಟ್ಟು ಮಾಡಿಕೊಂಡು ಕೂತೆನಲ್ಲ ಎಂದು ಅವನಿಗೆ ಅಳು ಬಂತು. ಸೋತರೆ ಸೋತೆ, ಇನ್ನೊಂದು ಸಲ ಕರೆ ಬಂದರೆ ಸಾಕು, ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ.

ಸಂಜೆ ಕಸದ ಲಾರಿಯ ಹಾಡು ಕೇಳಿಸಿತು. ಆ ಹಾಡಿಗೆ ಹೊರಬರದ ಮನುಷ್ಯ ನಮ್ಮ ಗಲ್ಲಿಯಲ್ಲಿಲ್ಲ. ಲಾರಿ ಯಾರಿಗೂ ಕಾಯುವುದಿಲ್ಲ, ಚೀಲವನ್ನು ನಾವೇ ಎಸೆಯಬೇಕು. ಎಲ್ಲರೂ ಚೀಲ ಹಿಡಿದು ಸಾಲಾಗಿ ನಿಂತಿದ್ದಾಗ ಮಿಂಗ್-ತೆಯ ಜೇಬು ಬಡಿದುಕೊಂಡಿತು. ವಿಡಿಯೋ ಕರೆ. ಈ ಸಲ ಅವನು ತಡಮಾಡಲಿಲ್ಲ. ಒಂದು ಕೈಯಲ್ಲಿ ಕಸ, ಇನ್ನೊಂದರಲ್ಲಿ ಫೋನು, ಮೇಲರ್ಧ ಕರಿ ಟೇಪು. ಕೆಳಗಿನ ಅರ್ಧದಲ್ಲಿ ಒಂದು ಗಲ್ಲ, ಒಂದು ಬಾಯಿ ಮಾತ್ರ ಕಂಡವು. ಹೆಂಗಸಿನ ಬಾಯಿ.

“ದೊಡ್ಡಪ್ಪಾ, ನಾನು ಪೇ-ಚೆನ್” ಎಂದಿತು ಆ ಬಾಯಿ. ಆ-ಹೋಕನ ಮಗಳು.

“ಪೇ-ಚೆನ್! ನೀನು ಸುಮ್ನಿರು, ಮೊದ್ಲು ನನ್ ಮಾತು ಕೇಳು. ಮರೆತ್ಹೋಗತ್ತೆ ನಂಗೆ. ನಿಮ್ಮಪ್ಪನಿಗೆ ಹೇಳು, ಆ ಮೊಲ ನಾನು ಕಳಿಸಿದ್ದಲ್ಲ, ಹೆಬ್ಬೆಟ್ಟು ಕಳಿಸಿದ್ದು. ಅವನ ಮೊಲಾನೂ ಹೆಬ್ಬೆಟ್ಟಿಂದೇ ಅಂತ ಒಪ್ಕೊಂಡೆ ಅಂತ ಹೇಳು. ಅಣ್ಣಂದೇ ತಪ್ಪು ಅಂತ ಹೇಳು. ನಾಳೆ ರೈಲು ಹತ್ತಿ ಬರ್ತೀನಿ. ಅವನನ್ನ ಕರಿ, ಫೋನ್ ಕೊಡು ಅವನಿಗೆ.”

ಗಲ್ಲ ನಡುಗಿತು. “ದೊಡ್ಡಪ್ಪ, ಬೆಳಿಗ್ಗೆ ಎಲ್ಲಾ ಓದಿದೀರಿ ಅಂತ ಬಂತಲ್ಲ?”

“ಇಲ್ಲಮ್ಮ. ಅದೊಂದು ದೊಡ್ಡ ಕತೆ. ನಾನೇನೂ ಓದಿಲ್ಲ.”

“ಅಯ್ಯೋ ದೊಡ್ಡಪ್ಪ...” ಎಂದಳು ಹುಡುಗಿ. “ಅಪ್ಪ ಇಲ್ಲ. ಹೋದ ವರ್ಷ ಚಂದ್ರನ ಹಬ್ಬದ ಹಿಂದಿನ ದಿನವೇ ಹೋದ್ರು. ಶ್ವಾಸಕೋಶದ ಕಾಯಿಲೆ. ಅವತ್ತೇ ಇದೇ ಫೋನಿಂದ ನಿಮ್ಗೆ ಬರೆದೆ.”

ಲಾರಿ ಹಾಡುತ್ತ ಹತ್ತಿರ ಬಂತು. ಜನ ಚೀಲ ಎಸೆದರು. ಮಿಂಗ್-ತೆ ಎಸೆಯಲಿಲ್ಲ.

“ಸುಳ್ಳು ಹೇಳ್ಬೇಡ. ದಿನಾ ತಾವರೆ ಬರ್ತಿದೆ. ಇವತ್ತೂ ಬಂತು.”

“ನಾನೇ ದೊಡ್ಡಪ್ಪ. ಅಪ್ಪ ಹೋಗೋ ಮೊದ್ಲೇ ಹೇಳಿದ್ರು, ನಾನು ಸತ್ತೆ ಅಂತ ಫೋನ್ ಮಾಡಿ ಅಣ್ಣನನ್ನ ಕರೆಸ್ಬೇಡಿ, ಅವನಾಗೇ ತೆರೀಲಿ ಅಂತ. ಅವನು ಓದೋ ತನಕ ಒಂದು ದಿನಾನೂ ತಪ್ಪಿಸ್ಬೇಡ, ಓದಿದ ಮೇಲೆ ನಿಲ್ಸು, ಆಮೇಲೆ ತೊಂದ್ರೆ ಕೊಡ್ಬೇಡ ಅಂದ್ರು. ಹಾಗಾಗಿ ಸುದ್ದಿ ಬರೆದವಳು ಅದರ ಹಿಂದೇನೇ ತಾವರೇನೂ ಕಳಿಸಿದೆ.”

ತೆರೆಯದ ಫೋನಿನಲ್ಲಿ ಕೊನೆಗೆ ಬಂದದ್ದಷ್ಟೇ ಕಾಣುವುದು, ಸುದ್ದಿಯ ಮೇಲೆ ತಾವರೆ ಬಂದು ಕೂತಿತ್ತು. ಮಿಂಗ್-ತೆ ಆ ದಿನವೂ ಕೆಂಪು ಚುಕ್ಕೆ ತೋರಿಸಿ, “ನೋಡಿ, ಇವತ್ತೂ ಬಂತು” ಅಂದಿದ್ದ. ನಾವೆಲ್ಲ ನಕ್ಕಿದ್ದೆವು.

“ಬೆಳಿಗ್ಗೆ ಗುರುತು ಬಿದ್ದಾಗ ಅಮ್ಮ ನಾನು ಇಬ್ರೂ ಅತ್ವಿ. ಕರೆ ಮಾಡಿದ್ವಿ, ನೀವೆತ್ಲಿಲ್ಲ. ಮಧ್ಯಾಹ್ನ ಮೊಲ ಬಂತು. ಅಮ್ಮನಿಗೆ ಸಿಟ್ಟು ಬಂತು, ಸತ್ತ ಸುದ್ದಿ ಓದಿ ಮೊಲ ಕಳಿಸ್ತಾರಲ್ಲ ಅಂತ. ಆಮೇಲೆ ಅವರೇ ಬಿದ್ದು ಬಿದ್ದು ನಗಾಡಿದ್ರು. ಅಪ್ಪನ ಫೋಟೋ ಮುಂದೆ ಊದುಬತ್ತಿ ಹಚ್ಚಿ, ಫೋನ್ ಇಟ್ಟು, ‘ನೋಡಿ, ನಿಮ್ಮಣ್ಣ ಲೆಕ್ಕ ಸರಿ ಮಾಡಿದ್ರು’ ಅಂದ್ರು. ಅಪ್ಪ ಇದ್ದಿದ್ರೆ ಎಷ್ಟು ನಗ್ತಿದ್ರು ಗೊತ್ತಾ ದೊಡ್ಡಪ್ಪ!” ಹುಡುಗಿ ನಗುತ್ತಲೇ ಅತ್ತಳು. “ಈಗ ಈ ನಂಬರು ನಿಲ್ಲಿಸ್ತೀನಿ. ನೀವು ಒಂದ್ಸಲ ಫೋನಲ್ಲಿ ಮೇಲಕ್ಕೆ ಸರಿಸ್ಕೊಂಡು ಹೋಗಿ ಎಲ್ಲಾ ಓದಿ. ಅಪ್ಪ ನಡುನಡುವೆ ಏನೇನೋ ಬರ್ದಿದಾರೆ.”

ಲಾರಿ ತಿರುವಿನಲ್ಲಿ ಮರೆಯಾಯಿತು. ಮಿಂಗ್-ತೆಯ ಕೈಯಲ್ಲಿ ಕಸ ಹಾಗೇ ಉಳಿದಿತ್ತು. ಸು-ಲಾನ್ ಬಂದು ಚೀಲ ಬಿಡಿಸಿಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

“ಓದಲ್ಲಮ್ಮ” ಎಂದ.

“ದೊಡ್ಡಪ್ಪ, ಇನ್ನೂ ಸಿಟ್ಟಾ?”

“ಸಿಟ್ಟಲ್ಲ ಕಣೇ. ಓದಿದ್ರೆ ಮುಗೀತಲ್ಲ.” ಅವನು ಫೋನನ್ನು ಬಾಯಿಯ ಹತ್ತಿರ ತಂದ. “ಬೆಳಿಗ್ಗೆ ಬಿದ್ದ ಗುರುತು ಸುಳ್ಳು. ಇಲ್ಲಿ ಸು-ಲಾನ್ ಅಂತ ಒಬ್ಳಿದಾಳೆ, ಅವಳ ಬಟ್ಟೆ ಓದಿದ್ದು. ನಿಮ್ಮಪ್ಪ ಏನಂದ? ಅಣ್ಣ ಓದೋ ತನಕ ಅಂದ ಅಲ್ವಾ? ಅಣ್ಣ ಓದಿಲ್ಲ. ನಂಬರು ನಿಲ್ಲಿಸ್ಬೇಡ ಪುಟ್ಟಾ. ದಿನಾ ಒಂದು ಕಳಿಸ್ತಾ ಇರು. ನಾನು ತೆರೆಯಲ್ಲ.”

ಟೇಪಿನ ಕೆಳಗಿನ ಆ ಗಲ್ಲ ಹೂಂ ಎಂಬಂತೆ ಮೇಲೆ ಕೆಳಗೆ ಆಡಿತು.

ಮರುದಿನ ಬೆಳಿಗ್ಗೆ ಮಿಂಗ್-ತೆ ಎಂದಿನ ಜಾಗದಲ್ಲಿ ಬಂದು ಕೂತ. ಟೇಪು ಕಿತ್ತ ಅಂಟು ಇನ್ನೂ ಉಳಿದಿದ್ದ ಫೋನನ್ನು ಮೇಜಿನ ಮೇಲಿಟ್ಟ. ಆ-ಹೋಕನ ಹೆಸರಿನ ಪಕ್ಕದಲ್ಲಿ ಕೆಂಪು ಚುಕ್ಕೆ, ಅದರೊಳಗೆ ‘ಒಂದು’.

“ನೋಡಿ, ಇವತ್ತೂ ಬಂತು” ಎಂದ.

ಮೇಷ್ಟ್ರು ಬಟ್ಟಲೊಳಗೆ ಮುಖ ಹಾಕಿದರು. ಸು-ಲಾನ್ ಬಟ್ಟೆ ಹಿಡಿದು ಬಂದಳು. ಫೋನಿನ ಮೇಲೆ ನಾಲ್ಕು ಎಳ್ಳು ಬಿದ್ದಿತ್ತು. ಅವಳು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಮೇಜಿಗೆ ಹೋದಳು.